ಹೊಳೆದಂಡೆಯ ಬಿಡಾರವೂ ನಮ್ಮ ಮೊಮ್ಮಕ್ಕಳೂ

ನವೆಂಬರ್ 1 ಬಂತೆಂದರೆ ಗಡಿನಾಡಿನವರಾದ ನಾವು ಏನನ್ನು ನೆನೆಯುತ್ತೇವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯಲ್ಲಿ ಕನ್ನಡ ಬಲ್ಲ ಅಧ್ಯಾಪಕರು, ಕಚೇರಿಯಲ್ಲಿ ಕನ್ನಡದ ಅರ್ಜಿ ನಮೂನೆ, 1967ರ ಮಹಾಜನ ವರದಿ - ಇವು ನಮ್ಮ ಸಭೆಗಳಲ್ಲಿ ವರ್ಷವರ್ಷವೂ ಬರುವ ವಿಷಯಗಳು. ಬರಬೇಕಾದ ವಿಷಯಗಳೇ, ಅವನ್ನು ಕೈಬಿಡಬೇಕೆಂದು ಯಾರೂ ಹೇಳಲಾರರು. ಆದರೆ ಸಭೆ ಮುಗಿಸಿ ಮನೆಗೆ ಬಂದ ಮೇಲೆ ನಮ್ಮ ಮೊಮ್ಮಗು ನಮ್ಮೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತದೆ, ನಾವು ಅದಕ್ಕೆ ಯಾವ ಭಾಷೆಯಲ್ಲಿ ಉತ್ತರ ಕೊಡುತ್ತೇವೆ ಎಂಬ ಪ್ರಶ್ನೆ ಮಾತ್ರ ಯಾವ ಸಭೆಯಲ್ಲೂ ಚರ್ಚೆಗೆ ಬರುವುದಿಲ್ಲ. ಅದು ಮನೆಯೊಳಗಿನ ಮಾತು ಎಂದು ಬಿಟ್ಟುಬಿಡುತ್ತೇವೆ. ಈ ಲೇಖನ ಆ ಮನೆಯೊಳಗಿನ ಮಾತಿನ ಬಗ್ಗೆ.

ಈ ಯೋಚನೆ ನನಗೆ ಹುಟ್ಟಿದ್ದು ನಮ್ಮೂರಿನಲ್ಲಲ್ಲ. ಇಲ್ಲಿಂದ ಬಹುದೂರ, ತೆಲಂಗಾಣದ ಮಕ್ತಲ್ ಸಮೀಪ, ಕೃಷ್ಣಾ ನದಿಯ ದಂಡೆಯಲ್ಲಿ. ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮೂಲ ಊರು ಆ ಕಡೆ. "ಸಂಕ್ರಮಣಕ್ಕೆ ನಮ್ಮ ಮನೆತನದವರೆಲ್ಲ ಹೊಳೆ ದಂಡಿಗೆ ಬಿಡಾರ ಹೂಡ್ತೀವ್ರಿ, ಒಮ್ಮೆ ಬರ್ರಿ" ಎಂದು ಅವರು ಹಲವು ವರ್ಷಗಳಿಂದ ಕರೆಯುತ್ತಿದ್ದರು. ಈ ಸಲ ಹೋದೆ. ಈಗಿನವರು ಕ್ಯಾಂಪು ಎನ್ನುವುದನ್ನು ಅವರು ಬಿಡಾರ ಎನ್ನುತ್ತಾರೆ. ಯಕ್ಷಗಾನ ಮೇಳಗಳ ಬಿಡಾರವನ್ನು ಕಂಡ ನಮ್ಮವರಿಗೂ ಆ ಪದ ಹೊಸದಲ್ಲ.

ಆ ನಾಡಿನ ಕಥೆಗೂ ನಮ್ಮ ಕಥೆಗೂ ಒಂದೇ ತಾರೀಕು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತಷ್ಟೆ. ಅದೇ ದಿನ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆ ಮೈಸೂರಿಗೆ ಬಂದಾಗ ಅದರ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರ ಪ್ರದೇಶಕ್ಕೆ ಹೋದವು. ಗುಲಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳೂ ಹಾಗೆಯೇ ಹೋದವು. ಮಕ್ತಲ್ ಮತ್ತು ನಾರಾಯಣಪೇಟೆ ಮೊದಲೇ ಮಹಬೂಬನಗರ ಜಿಲ್ಲೆಯಲ್ಲಿದ್ದವು, ಅಲ್ಲಿಯೇ ಉಳಿದವು. 2014ರಲ್ಲಿ ತೆಲಂಗಾಣ ರಾಜ್ಯ, 2016ರಲ್ಲಿ ಗದ್ವಾಲ ಜಿಲ್ಲೆ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ - ಹೀಗೆ ಮನೆ ಇದ್ದಲ್ಲಿಯೇ ಇದ್ದು ವಿಳಾಸ ಮಾತ್ರ ಬದಲಾಗುತ್ತ ಬಂದಿದೆ. ಅಲ್ಲಿನ ಬಹುಸಂಖ್ಯಾತರ ಮಾತು ತೆಲುಗು. ಆದರೆ ರಾಯಚೂರು, ಯಾದಗಿರಿಗಳಿಗೆ ತಾಗಿದ ಹಳ್ಳಿಗಳಲ್ಲಿ ಕನ್ನಡದ ಮನೆಗಳು ಹಲವು. ಕೃಷ್ಣಾ ಮಂಡಲದ ಕೆಲವು ಹಳ್ಳಿಗಳಲ್ಲಿ ಸರಕಾರಿ ಕನ್ನಡ ಮಾಧ್ಯಮ ಶಾಲೆಗಳೂ ಇವೆ. ನಾರಾಯಣಪೇಟೆಯ ಪೇಟೆಯಲ್ಲಂತೂ ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಏಳೆಂಟು ಭಾಷೆಗಳ ನಾಡಿನಿಂದ ಹೋದ ನನಗೆ ಅದು ಪರಕೀಯವೆನಿಸಲಿಲ್ಲ.

ಆ ಮನೆತನದ ಹೊಲ ಪಂಚದೇವಪಹಾಡದ ಸಮೀಪ ಹೊಳೆಯಿಂದ ಸ್ವಲ್ಪ ಮೇಲೆ ಇದೆ. ಎದುರಿಗೆ ನೀರಿನ ನಡುವೆ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರದ ನಡುಗಡ್ಡೆ. ದಂಡೆ ತೆಲಂಗಾಣದ್ದು, ನಡುಗಡ್ಡೆ ಕರ್ನಾಟಕದ ರಾಯಚೂರು ಜಿಲ್ಲೆಯದ್ದು. ದೋಣಿಯಲ್ಲಿ ದಾಟಿದರೆ ರಾಜ್ಯ ಬದಲಾಗುತ್ತದೆ. ಭೋಗಿಯ ಸಂಜೆ ಎರಡು ಟ್ರ್ಯಾಕ್ಟರುಗಳಲ್ಲಿ ಪಾತ್ರೆ, ಜಮಖಾನ, ಕಂಬಳಿ, ತಾಡಪತ್ರಿ, ಕಟ್ಟಿಗೆ, ರೊಟ್ಟಿಯ ಗಂಟು ಎಲ್ಲ ಬಂದಿಳಿದವು. ನಾವು ಟಾರ್ಪಾಲು ಎನ್ನುವುದು ಅಲ್ಲಿ ತಾಡಪತ್ರಿ. ಎಂಬತ್ತಾರು ವರ್ಷದ ಯಜಮಾನರಿಂದ ಹಿಡಿದು ಮೊಲೆ ಕುಡಿಯುವ ಮರಿಮಗುವಿನವರೆಗೆ ಮೂವತ್ತಕ್ಕೂ ಹೆಚ್ಚು ಜನ, ನಾಲ್ಕು ತಲೆಮಾರು. ಹೈದರಾಬಾದಿನಿಂದ, ಪುಣೆಯಿಂದ, ರಾಯಚೂರಿನಿಂದ ಬಂದವರು. ಮೊದಲು ಹೈದರಾಬಾದಿನವರು ಬಸ್ಸು ಬದಲಿಸಿ ಬದಲಿಸಿ ಸುಸ್ತಾಗಿ ಬರುತ್ತಿದ್ದರಂತೆ. 2023ರ ಅಕ್ಟೋಬರಿನಲ್ಲಿ ದೇವರಕದ್ರದಿಂದ ಮಕ್ತಲ್ ಮಾರ್ಗವಾಗಿ ಕೃಷ್ಣಾ ಸ್ಟೇಶನ್ನಿನವರೆಗಿನ ಹೊಸ ರೈಲು ಹಾದಿ ಪೂರ್ತಿಯಾಗಿ ಕಾಚಿಗುಡ - ರಾಯಚೂರು ಗಾಡಿ ಓಡತೊಡಗಿದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಬರುವುದು ಸುಲಭವಾಗಿದೆ. ಅಲ್ಲಿ ಮೂರು ರಾತ್ರಿ ತಂಗುತ್ತಾರೆ - ಭೋಗಿ, ಸಂಕ್ರಮಣ, ಕರಿ. ನಾಲ್ಕನೆಯ ದಿನ ಬೆಳಿಗ್ಗೆ ಬಿಡಾರ ಕಿತ್ತು ಅವರವರ ದಾರಿ.

ಮೊದಲ ಸಂಜೆ ನಾನು ಕಂಡದ್ದು ನಮ್ಮ ಮನೆಗಳಲ್ಲಿ ಕಾಣುವುದನ್ನೇ. ಹದಿನಾಲ್ಕು ಮಕ್ಕಳು ತಮ್ಮತಮ್ಮೊಳಗೆ ತೆಲುಗು, ಹಿಂದಿ, ಇಂಗ್ಲಿಷು ಬೆರೆಸಿ ಮಾತನಾಡುತ್ತಿದ್ದರು. ಮುತ್ಯಾ - ಅಲ್ಲಿ ಅಜ್ಜನನ್ನು ಹಾಗೆ ಕರೆಯುತ್ತಾರೆ - ಒಂಬತ್ತು ವರ್ಷದ ಮರಿಮಗಳನ್ನು "ಊಟ ಆತೇನವಾ?" ಎಂದು ಕೇಳಿದರು. ಅವಳು "ತಿನ್ನಾನು ತಾತಾ" ಎಂದು ತೆಲುಗಿನಲ್ಲಿ ಹೇಳಿ ಓಡಿದಳು. ಕೇಳಿದ್ದು ಅವಳಿಗೆ ಅರ್ಥವಾಗಿತ್ತು. ಉತ್ತರ ಮಾತ್ರ ಬೇರೆ ಭಾಷೆಯಲ್ಲಿ ಬಂತು. ಇಂಥ ಹೊತ್ತಿನಲ್ಲಿ ಬೇರೆ ಅಜ್ಜಂದಿರು ಏನು ಮಾಡುತ್ತಾರೆ? ತಾವೂ ತೆಲುಗಿಗೆ ಹೊರಳುತ್ತಾರೆ. ಯಾಕೆಂದರೆ ಅವರಿಗೆ ತೆಲುಗು ಚೆನ್ನಾಗಿ ಬರುತ್ತದೆ. ಸಂತೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ಎಪ್ಪತ್ತು ವರ್ಷ ಅದನ್ನೇ ಆಡಿದವರು ಅವರು. ಮಗುವಿಗೆ ಕಷ್ಟವಾಗದಿರಲೆಂಬ ಪ್ರೀತಿಯಿಂದಲೇ ಹೊರಳುತ್ತಾರೆ.

ಇಲ್ಲಿಯೇ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನನ್ನ ಮಗಳು ಅಳಿಯಂದಿರು ಕೊಚ್ಚಿಯಲ್ಲಿದ್ದಾರೆ. ಮೊಮ್ಮಗನಿಗೆ ಈಗ ಏಳು ವರ್ಷ. ವಾರಕ್ಕೊಮ್ಮೆ ಫೋನಿನಲ್ಲಿ ಅವನ ಮುಖ ಕಾಣುತ್ತದೆ. ಎರಡು ನಿಮಿಷದ ಮಾತು. ಮೊದಲ ಅರ್ಧ ನಿಮಿಷ ನಾನು ಕನ್ನಡದಲ್ಲಿ ಕೇಳುತ್ತೇನೆ, ಅವನು ಸುಮ್ಮನಿರುತ್ತಾನೆ. ಅಷ್ಟರಲ್ಲಿ ಅವನು ಫೋನು ಬಿಟ್ಟು ಹೋದಾನೆಂಬ ಭಯ ನನಗೆ. ಕೂಡಲೇ "ಸುಖಮಾಣೋ ಮೋನೇ?" ಎಂದು ಮಲೆಯಾಳಕ್ಕೆ ಹೊರಳುತ್ತೇನೆ. ಅವನ ಮುಖ ಅರಳುತ್ತದೆ, ನನಗೂ ಸಂತೋಷವಾಗುತ್ತದೆ. ಹೀಗೆ ನಾಲ್ಕು ವರ್ಷ ಕಳೆಯಿತು. ಅವನಿಗೆ ಕನ್ನಡ ಬಾರದ್ದಕ್ಕೆ ನಾನು ಸರಕಾರವನ್ನು ದೂರಿದ್ದೇನೆ, ಶಾಲೆಯನ್ನು ದೂರಿದ್ದೇನೆ, ಅಳಿಯನ ಮನೆಯವರನ್ನೂ ಮನಸ್ಸಿನಲ್ಲೇ ದೂರಿದ್ದೇನೆ. ಮೊದಲು ಹೊರಳಿದವನು ನಾನೆಂಬುದು ಆ ಹೊಳೆದಂಡೆಯಲ್ಲಿ ಕುಳಿತಾಗಲೇ ತಿಳಿದದ್ದು.

ಯಾಕೆಂದರೆ ಆ ಮುತ್ಯಾ ಹೊರಳಲಿಲ್ಲ. ಗದರಿಸಲೂ ಇಲ್ಲ, "ಕನ್ನಡದಾಗ ಹೇಳು" ಎಂದು ಅಪ್ಪಣೆ ಮಾಡಲೂ ಇಲ್ಲ. ಹುಡುಗಿ ತೆಲುಗಿನಲ್ಲಿ ಹೇಳಿದ್ದನ್ನು ಕೇಳಿ, ತಲೆಯಾಡಿಸಿ, ತಾನು ಕನ್ನಡದಲ್ಲಿಯೇ ಮುಂದಿನ ಮಾತು ಆಡಿದರು. ಮರುದಿನವೂ ಅಷ್ಟೆ. ನಾನು ಇದನ್ನು ಅವರೊಡನೆ ಪ್ರಸ್ತಾಪಿಸಿದೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಅಕ್ಷರ ಕಲಿತ, ರಾಜ್ಯ ವಿಂಗಡಣೆಯಾದಾಗ ಹದಿನಾರರ ಹುಡುಗನಾಗಿದ್ದ ಆ ಹಿರಿಯರು ಹೇಳಿದ್ದಿಷ್ಟೆ: "ಅವ್ರು ಯಾವ ಮಾತಾದ್ರೂ ಆಡ್ಲಿ. ಹುಡುಗ್ರು ಹೊಳಿ ಇದ್ದಂಗ, ಎತ್ತ ಇಳುಕ್ಲು ಅದ ಅತ್ತ ಹರೀತಾರ. ನಾವು ದಂಡಿ. ದಂಡಿ ಸರದಾಡಬಾರದು." ನಾನು ಕೇಳಿದ ಭಾಷಣಗಳಲ್ಲಿ ಇಷ್ಟು ಸ್ಪಷ್ಟವಾದ ಮಾತನ್ನು ಕೇಳಿದ ನೆನಪಿಲ್ಲ.

ಆದರೆ ಸರಿಯದೆ ನಿಲ್ಲುವುದಕ್ಕೆ ಸಮಯ ಬೇಕು. ಫೋನಿನ ಎರಡು ನಿಮಿಷದಲ್ಲಿ ಅದು ಆಗದು. ಮದುವೆಮನೆಯ ನಾಲ್ಕು ಗಂಟೆಯಲ್ಲೂ ಆಗದು. ಮಗು ಮಾತನಾಡದೆ ಇದ್ದರೆ ಇರಲಿ, ನಾಳೆಯೂ ಇಲ್ಲೇ ಇರುತ್ತದೆ ಎಂಬ ಧೈರ್ಯ ಹಿರಿಯರಿಗೆ ಇರಬೇಕು. ಬಿಡಾರದ ಮೂರು ರಾತ್ರಿ ಕೊಡುವುದು ಆ ಧೈರ್ಯವನ್ನು.

ಎರಡನೆಯದಾಗಿ ಬೇಕಾದದ್ದು ಕೆಲಸ. ನಮ್ಮ ಮನೆಗಳಿಗೆ ಬರುವ ಮೊಮ್ಮಕ್ಕಳು ನೆಂಟರಂತೆ ಬಂದು ನೆಂಟರಂತೆ ಹೋಗುತ್ತಾರೆ. ಕುರ್ಚಿಯಲ್ಲಿ ಕೂರಿಸಿ ಹಲಸಿನ ಹಪ್ಪಳ ಕೊಡುತ್ತೇವೆ. ಅವರ ಕೈಯಲ್ಲಿ ಫೋನು. ಬಿಡಾರದಲ್ಲಿ ಕುರ್ಚಿ ಇಲ್ಲ. ಗೂಟ ಹೊಡೆಯಬೇಕು, ಹಗ್ಗ ಬಿಗಿಯಬೇಕು, ಒಲೆಗೆ ಮೂರು ಗುಂಡು ಹೊಂದಿಸಬೇಕು, ನೀರು ತರಬೇಕು, ರಾತ್ರಿ ಮಂಜು ಬೀಳುವ ಮೊದಲು ಕಟ್ಟಿಗೆಯನ್ನು ತಾಡಪತ್ರಿಯ ಕೆಳಗೆ ಸರಿಸಬೇಕು. ಈ ಕೆಲಸಗಳ ಹೆಸರುಗಳು ಆ ಮಕ್ಕಳಿಗೆ ಯಾವ ಭಾಷೆಯಲ್ಲೂ ಗೊತ್ತಿಲ್ಲ - ತೆಲುಗಿನಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಹಾಗಾಗಿ ಕನ್ನಡದ ಹೆಸರೇ ಮೊದಲ ಹೆಸರಾಗಿ ಕೂರುತ್ತದೆ. ಸಂಕ್ರಮಣದ ರಾತ್ರಿ ಗಾಳಿ ಎದ್ದು ತಾಡಪತ್ರಿ ಪಟಪಟನೆ ಬಡಿಯತೊಡಗಿದಾಗ ಅದೇ ಒಂಬತ್ತರ ಹುಡುಗಿ ಓಡಿಬಂದು "ಮುತ್ಯಾ, ಹಗ್ಗ ಬಿಚ್ಯದ!" ಎಂದು ಕೂಗಿದಳು. ಅವಳು ಆಡಿದ ಮೊದಲ ಕನ್ನಡ ವಾಕ್ಯ ನನಗೆ ಕೇಳಿಸಿದ್ದು ಅದು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುತ್ಯಾ "ನಡಿ, ಕಟ್ಟೋಣು" ಎಂದು ಎದ್ದರು. ಚಪ್ಪಾಳೆ ತಟ್ಟಿದ್ದರೆ ಮಗು ಎರಡನೆಯ ವಾಕ್ಯ ಆಡುತ್ತಿರಲಿಲ್ಲವೆಂದು ನನಗನಿಸುತ್ತದೆ.

ಮೂರನೆಯದು ರಾತ್ರಿಯ ಕತೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ, ಮೊಸರು ಊಟವಾದ ಮೇಲೆ ಬೆಂಕಿಯ ಸುತ್ತ ಕೂತರು. ಆ ಮನೆಯಲ್ಲಿ ತಾಯಿಯನ್ನು ಅವ್ವ, ಅಜ್ಜಿಯನ್ನು ಅಮ್ಮ ಎನ್ನುತ್ತಾರೆ. ಅಮ್ಮ ಉಟ್ಟಿದ್ದ ಗದ್ವಾಲ ಸೀರೆಯ ಅಂಚನ್ನು ಮಗುವೊಂದು ಎಳೆಯಿತು. ಸೀರೆಯ ಒಡಲು ಹತ್ತಿಯದು, ಅಂಚೂ ಸೆರಗೂ ರೇಷ್ಮೆಯವು, ಎರಡನ್ನೂ ಮಗ್ಗದಲ್ಲೇ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುತ್ತಾರೆ, ಹೊಲಿಗೆ ಹಾಕುವುದಿಲ್ಲ ಎಂದು ಅವರು ಬೆರಳಿಟ್ಟು ತೋರಿಸಿದರು. ಅಲ್ಲಿಂದ ಮಾತು ನಾರಾಯಣಪೇಟೆಯ ಸೀರೆಗೆ ಹೋಯಿತು. ಶಿವಾಜಿಯ ದಂಡು ಆ ಊರಿನಲ್ಲಿ ಬಿಡಾರ ಬಿಟ್ಟಿತ್ತು, ದಂಡು ಹೊರಟಾಗ ಕೆಲವು ನೇಕಾರರು ಅಲ್ಲಿಯೇ ಉಳಿದರು, ಅವರಿಂದ ಆ ನೇಯ್ಗೆ ಬೆಳೆಯಿತು ಎಂಬ ಐತಿಹ್ಯವನ್ನು ಹಿರಿಯ ಮಗ ಹೇಳಿದರು. ಇತಿಹಾಸದ ತಕ್ಕಡಿಯಲ್ಲಿ ಅದು ಎಷ್ಟು ತೂಗುತ್ತದೋ, ಅದು ಬೇರೆ ಮಾತು. ಗದ್ವಾಲ ಸೀರೆಗೆ 2010ರಲ್ಲಿ, ನಾರಾಯಣಪೇಟೆ ಸೀರೆಗೆ 2012ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಮಾತ್ರ ದಾಖಲೆಯ ಮಾತು. ಮಕ್ಕಳಿಗೆ ಹಿಡಿಸಿದ್ದು ಉಳಿದುಹೋದ ನೇಕಾರರ ಕತೆ. "ಅವ್ರು ಯಾಕ ಹೊಳ್ಳಿ ಹೋಗ್ಲಿಲ್ಲ?" ಎಂದು ಪುಣೆಯ ಹುಡುಗ ಕೇಳಿದ. ಅದಕ್ಕೆ ಉತ್ತರ ಹುಡುಕುತ್ತ ಒಬ್ಬೊಬ್ಬರೂ ಒಂದೊಂದು ಹೇಳಿದರು. ರಾತ್ರಿ ಹನ್ನೊಂದಾಯಿತು.

ಕರಿಯ ದಿನ ಹಿರಿಯರು ಕಿರಿಯರು ಕೂಡಿ ಮುದುಮಾಲಕ್ಕೆ ಹೋದೆವು. ಕೃಷ್ಣಾ ಮಂಡಲದ ಆ ಹಳ್ಳಿಯ ಹೊಲಗಳ ನಡುವೆ ಹತ್ತು ಹದಿನಾಲ್ಕು ಅಡಿ ಎತ್ತರದ ನಿಲುಗಲ್ಲುಗಳು ಗುಂಪಾಗಿ ನಿಂತಿವೆ. ಮೂರು ಸಾವಿರ ವರ್ಷಕ್ಕೂ ಹಿಂದಿನವೆಂದು ವಿದ್ವಾಂಸರು ಹೇಳುತ್ತಾರೆ; 2025ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿವೆ. ನಿಲ್ಲಿಸಿದವರ ಭಾಷೆ ಯಾವುದೆಂದು ಕಲ್ಲು ಹೇಳದು. ಹತ್ತಿರದ ಮಕ್ಕಳು ಅವುಗಳ ನೆರಳನ್ನು ಹೆಜ್ಜೆಯಿಂದ ಅಳೆದು ಕನ್ನಡದಲ್ಲಿ ಎಣಿಸುವ ಪಂದ್ಯ ಕಟ್ಟಿದರು. ಹತ್ತರವರೆಗೆ ಎಲ್ಲರಿಗೂ ಬಂತು. ಹನ್ನೊಂದರಿಂದ ಮುಂದೆ ರಾಯಚೂರಿನ ಹುಡುಗನೊಬ್ಬನೇ ಗುರು.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಕುಟುಂಬ ಕೂಡುವುದಿಲ್ಲವೆಂದಲ್ಲ. ತರವಾಡು ಮನೆಯಲ್ಲಿ ತಂಬಿಲ, ನೇಮ; ಹಿರಿಯರ ಪೂಜೆ; ಈಚೆಗೆ "ಕುಟುಂಬ ಸಂಗಮ" ಎಂಬ ಹೆಸರಿನ ಸಮಾವೇಶಗಳೂ ನಡೆಯುತ್ತಿವೆ. ಅಲ್ಲಿ ವೇದಿಕೆ ಇದೆ, ಧ್ವನಿವರ್ಧಕ ಇದೆ, ಹಿರಿಯರಿಗೆ ಶಾಲು ಹೊದಿಸುತ್ತಾರೆ, ಮಕ್ಕಳು ನೃತ್ಯ ಮಾಡುತ್ತಾರೆ, ಮಧ್ಯಾಹ್ನ ಪಾಯಸದೂಟ. ನಾಲ್ಕು ಗಂಟೆಗೆ ಕಾರುಗಳು ಹೊರಡುತ್ತವೆ. ಶಾಲು ಹೊದ್ದ ಅಜ್ಜನೊಡನೆ ಒಂದು ಮಗುವಾದರೂ ಐದು ನಿಮಿಷ ಮಾತನಾಡಿತೇ ಎಂದು ಕೇಳಿದರೆ ಉತ್ತರವಿಲ್ಲ. ಒಟ್ಟು ಸೇರುವುದು ಬೇರೆ, ಒಟ್ಟು ಇರುವುದು ಬೇರೆ. ನಮಗೆ ಬೇಕಾದದ್ದು ಎರಡನೆಯದು.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ. ಒಂದೊಂದಾಗಿ ನೋಡೋಣ.

ಸೊಸೆ ಮಲೆಯಾಳದವಳು, ಅವಳನ್ನು ಹೊರಗಿಟ್ಟಂತಾಗದೆ ಎಂದು ಕೆಲವರು ಕೇಳುತ್ತಾರೆ. ಮಕ್ತಲದ ಆ ಮನೆಯಲ್ಲೂ ಕರ್ನೂಲು ಕಡೆಯ ಒಬ್ಬ ತೆಲುಗು ಸೊಸೆ ಇದ್ದಾರೆ. ಎರಡನೆಯ ರಾತ್ರಿ ಅವರು ತಮ್ಮ ತವರಿನ ಕತೆಯನ್ನು ತೆಲುಗಿನಲ್ಲೇ ಹೇಳಿದರು. ಎಲ್ಲರೂ ನಕ್ಕು ಕೇಳಿದರು. ಯಾರೂ ಅವರನ್ನು ಕನ್ನಡ ಆಡಿರೆಂದು ಒತ್ತಾಯಿಸಲಿಲ್ಲ. ಅವರು ತಾವಾಗಿಯೇ ಮಗನಿಗೆ, "ಮುತ್ಯಾನೊಡನೆ ಅವರ ಮಾತಿನಲ್ಲಿ ಆಡು, ನನ್ನಪ್ಪನೊಡನೆ ನಮ್ಮ ಮಾತಿನಲ್ಲಿ ಆಡು" ಎಂದು ತೆಲುಗಿನಲ್ಲಿ ಹೇಳಿದ್ದನ್ನು ನನ್ನ ಸ್ನೇಹಿತರು ನನಗೆ ತಿಳಿಸಿದರು. ಅವಮಾನಿಸದೆ ಇದ್ದರೆ ಸೊಸೆಯಂದಿರೇ ನಮ್ಮ ದೊಡ್ಡ ಬಲ. ಮಕ್ಕಳು ಮಲೆಯಾಳವನ್ನು ಚೆನ್ನಾಗಿ ಕಲಿಯಲಿ. ಈ ನೆಲದಲ್ಲಿ ಬಾಳುವವರಿಗೆ ಅದು ಬೇಕು. ಒಂದು ಭಾಷೆ ಬಂದರೆ ಇನ್ನೊಂದು ಹೋಗಬೇಕೆಂದು ಯಾವ ನಿಯಮವೂ ಇಲ್ಲ. ಎರಡನ್ನೂ ಹೊತ್ತ ನಾಲಗೆಗಳು ನಮ್ಮ ಜಿಲ್ಲೆಯಲ್ಲಿ ಮನೆಮನೆಯಲ್ಲಿವೆ.

ಎರಡನೆಯ ಆಕ್ಷೇಪ ಹೆಂಗಸರದು, ನ್ಯಾಯವಾದದ್ದು. "ಗಂಡಸರಿಗೆ ಬಿಡಾರ, ನಮಗೆ ಅಡುಗೆ" ಎಂದು ಅವರು ಹೇಳಿದರೆ ತಪ್ಪೇನು? ಆ ಹೊಳೆದಂಡೆಯಲ್ಲಿ ಅಮ್ಮನ ಕಟ್ಟಳೆ ಒಂದಿತ್ತು: ಉಂಡವರು ತಮ್ಮ ತಾಟು ತಾವೇ ತೊಳೆಯಬೇಕು, ದೊಡ್ಡ ಪಾತ್ರೆಗಳು ಗಂಡುಮಕ್ಕಳ ಪಾಲು. ರೊಟ್ಟಿಯನ್ನು ಮನೆಯಲ್ಲೇ ಬಡಿದು ಒಣಗಿಸಿ ತಂದಿದ್ದರು; ಖಡಕ್ ರೊಟ್ಟಿ ವಾರವಾದರೂ ಕೆಡುವುದಿಲ್ಲ. ನಮ್ಮಲ್ಲಿಯೂ ಮೂರು ದಿನಕ್ಕೆ ಗಂಜಿ, ಚಟ್ನಿ, ಹಪ್ಪಳ, ಉಪ್ಪಿನಕಾಯಿ ಸಾಕು. ದಿನಕ್ಕೊಂದು ಪಾಯಸ ಬೇಕೆನ್ನುವವರು ತಾವೇ ತೆಂಗಿನಕಾಯಿ ತುರಿಯಲಿ.

ಖರ್ಚು ಮತ್ತು ರಜೆ ಮೂರನೆಯದು. ಒಂದು ಮದುವೆಯ ಆಮಂತ್ರಣ ಪತ್ರಿಕೆಗೆ ಆಗುವಷ್ಟು ಹಣದಲ್ಲಿ ಈ ಬಿಡಾರ ಮುಗಿಯುತ್ತದೆ. ರಜೆಯ ಗುಟ್ಟು ತಾರೀಕಿನಲ್ಲಿದೆ. ಅವರು ಪ್ರತಿ ವರ್ಷ ಯಾವಾಗ ಸೇರೋಣವೆಂದು ಪತ್ರ ಬರೆಯುವುದಿಲ್ಲ. ಭೋಗಿಯ ಸಂಜೆ ಎಂದು ನಿಂತಿದೆ. ನಿಂತ ತಾರೀಕಿಗೆ ಜನ ರಜೆ ಹೊಂದಿಸುತ್ತಾರೆ, ಹೊಂದಿಸುವ ತಾರೀಕಿಗೆ ಯಾರೂ ಬರುವುದಿಲ್ಲ. ನಮ್ಮ ಶಾಲೆಗಳಿಗೆ ಎಪ್ರಿಲ್, ಮೇ ರಜೆ. ವಿಷುವಿನ ಮರುದಿನದಿಂದ ಮೂರು ರಾತ್ರಿ ಎಂದು ಪ್ರತಿ ಕುಟುಂಬ ನಿಶ್ಚಯಿಸಬಾರದೇಕೆ? ಜಾಗಕ್ಕೂ ಕೊರತೆಯಿಲ್ಲ. ಅಡಿಕೆ ಎತ್ತಿ ಖಾಲಿಯಾದ ಅಂಗಳ, ತೋಟದ ಬದಿಯ ಗುಡ್ಡೆ, ಗೇರುಮರದ ಅಡಿ. ಮನೆಯೊಳಗೆ ಮಾತ್ರ ಬೇಡ. ಮನೆಯೊಳಗೆ ಟಿವಿ ಇದೆ, ಕೋಣೆ ಇದೆ, ಕೋಣೆಗೆ ಬಾಗಿಲಿದೆ.

ನಾಲ್ಕನೆಯದು ಅಪಾಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ರಾಯಚೂರು ಸುತ್ತಿನ ಕೃಷ್ಣೆಯಲ್ಲಿ ಮೊಸಳೆಗಳಿವೆ. ಮೇಲಿನ ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಅದಕ್ಕಾಗಿಯೇ ಅವರ ಬಿಡಾರ ನೀರಿನ ಅಂಚಿನಲ್ಲಿಲ್ಲ, ಮೇಲಿನ ಹೊಲದಲ್ಲಿದೆ. ಸಂಕ್ರಮಣದ ಸ್ನಾನಕ್ಕೆ ಅಂಬಿಗರು ತೋರಿಸಿದ ಜಾಗದಲ್ಲಿ, ದೊಡ್ಡವರು ಸಾಲಾಗಿ ನಿಂತು, ಮಕ್ಕಳನ್ನು ಚೊಂಬಿನಲ್ಲಿ ಮೀಯಿಸಿದರು. ನಮ್ಮ ಪಯಸ್ವಿನಿ, ಶಿರಿಯಾ ಹೊಳೆಗಳ ಕಯಗಳಲ್ಲಿ ರಜೆಯ ದಿನ ಏನಾಗುತ್ತದೆಂದು ಪತ್ರಿಕೆ ಓದುವವರಿಗೆ ಗೊತ್ತು. ನೀರಿನ ಹತ್ತಿರ ಮಕ್ಕಳನ್ನು ಒಂಟಿಯಾಗಿ ಬಿಡದಿರುವುದು ಬಿಡಾರದ ಮೊದಲ ಕಟ್ಟಳೆಯಾಗಬೇಕು.

ಕೊನೆಯ ಆಕ್ಷೇಪ ನಮ್ಮ ಹೋರಾಟಗಾರ ಮಿತ್ರರದು. "ಹೀಗೆ ಮನೆಯಲ್ಲಿ ಕಲಿಸಿಕೊಳ್ಳಿ ಎಂದರೆ ಸರಕಾರ ಶಾಲೆ ಮುಚ್ಚಲು ನೆಪವಾಗದೆ?" ಆಗಬಾರದು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಒದಗಿಸಲು ರಾಜ್ಯ ಪ್ರಯತ್ನಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿ ಹೇಳುತ್ತದೆ. ಅದು ನಮ್ಮ ಹಕ್ಕು. ತೆಲಂಗಾಣದಲ್ಲಿ 2018ರ ಕಾಯಿದೆಯಿಂದ ಶಾಲೆಗಳಲ್ಲಿ ತೆಲುಗು ಕಡ್ಡಾಯವಾದ ಮೇಲೆ ಅಲ್ಲಿಯ ಕನ್ನಡ ಮಕ್ಕಳ ಹೊರೆ ಹೆಚ್ಚಿದೆ. ಅವರ ಶಾಲೆಗಳಿಗಾಗಿ ಅವರೂ ಕೇಳುತ್ತಲೇ ಇರಬೇಕು. ಆದರೆ ಒಂದು ವಿಷಯ ಯೋಚಿಸಿ. ಕನ್ನಡ ಶಾಲೆಗೆ ಮಗುವನ್ನು ಕಳಿಸುವವರು ಯಾರು? ಮನೆಯಲ್ಲಿ ಕನ್ನಡ ಆಡುವವರು. ಮನೆಯ ಮಾತು ನಿಂತಲ್ಲಿ ಶಾಲೆಯ ಹಾಜರಿ ಪುಸ್ತಕ ಮೊದಲು ತೆಳುವಾಗುತ್ತದೆ. ಆಮೇಲೆ ಹುದ್ದೆ ಹೋಗುತ್ತದೆ. ಕೊನೆಗೆ ಬಾಗಿಲಿಗೆ ಬೀಗ. ನಾವು ದೂರು ಕೊಡಲು ಓಡುವುದು ಬೀಗ ಬಿದ್ದ ಮೇಲೆ. ಶಾಲೆಯ ಹೋರಾಟವೂ ಮನೆಯ ಮಾತೂ ಒಂದೇ ನೊಗದ ಎರಡು ಎತ್ತುಗಳು.

ಇದು ನಮ್ಮ ಕೆಲವರ ಕಲ್ಪನೆಯಲ್ಲ, ಹೊರಗಿನ ಪ್ರಪಂಚದಲ್ಲೂ ಕಂಡುಕೊಂಡ ಸತ್ಯ. ನ್ಯೂಜಿಲೆಂಡಿನ ಮಾವೊರಿ ಜನರು ತಮ್ಮ ಮಕ್ಕಳು ಇಂಗ್ಲಿಷಿಗೆ ಹೊರಳಿದ್ದನ್ನು ಕಂಡು 1982ರಲ್ಲಿ "ಕೊಹಾಂಗ ರೆಯೊ" ಎಂಬ ವ್ಯವಸ್ಥೆ ಆರಂಭಿಸಿದರು. ಹಾಗೆಂದರೆ ಭಾಷೆಯ ಗೂಡು. ಶಾಲೆಗೆ ಹೋಗುವ ವಯಸ್ಸಿಗೂ ಮುನ್ನ ಮಕ್ಕಳನ್ನು ಭಾಷೆ ಬಲ್ಲ ಅಜ್ಜ ಅಜ್ಜಿಯರ ಕೈಗೆ ಒಪ್ಪಿಸುವುದು. ಅವರು ಮಾವೊರಿಯಲ್ಲೇ ಮಾತಾಡುತ್ತ ಮಕ್ಕಳನ್ನು ಆಡಿಸುವುದು, ಉಣಿಸುವುದು, ಮಲಗಿಸುವುದು. ಅಪ್ಪ ಅಮ್ಮಂದಿರ ತಲೆಮಾರಿಗೆ ಭಾಷೆ ತಪ್ಪಿಹೋಗಿದ್ದರೂ ಅಜ್ಜಂದಿರಿಂದ ಮೊಮ್ಮಕ್ಕಳಿಗೆ ನೇರವಾಗಿ ದಾಟಿಸಬಹುದೆಂದು ಅವರು ತೋರಿಸಿಕೊಟ್ಟರು. ಭಾಷಾಶಾಸ್ತ್ರಜ್ಞ ಜೋಶುವಾ ಫಿಶ್‌ಮನ್ 1991ರ ತಮ್ಮ ಗ್ರಂಥದಲ್ಲಿ ಒತ್ತಿ ಹೇಳಿದ್ದೂ ಇದನ್ನೇ: ತಲೆಮಾರಿನಿಂದ ತಲೆಮಾರಿಗೆ ಮನೆಯಲ್ಲಿ ದಾಟದ ಭಾಷೆಯನ್ನು ಕಚೇರಿಯೂ ಪತ್ರಿಕೆಯೂ ಮಾತ್ರವೇ ಉಳಿಸಲಾರವು. ಪತ್ರಿಕೆಯಲ್ಲಿ ಬರೆಯುವ ನನಗೂ ಇದು ತಗಲುವ ಮಾತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಮಕ್ಕಳ ಬಗ್ಗೆ ನಾವು ಗಾದೆ ಹೇಳುತ್ತೇವೆ. ಈ ವಿಷಯದಲ್ಲಿ ಬಗ್ಗಬೇಕಾದ ಮರ ನಾವು. ಮಕ್ಕಳಿಗೆ ನಿಯಮ ಹಾಕುವುದು ಸುಲಭ. ನಮಗೆ ನಾವು ಹಾಕಿಕೊಳ್ಳುವುದು ಕಷ್ಟ. ಬಿಡಾರದ ಮೂರು ದಿನ ಹಿರಿಯರು ಇಷ್ಟನ್ನು ಪಾಲಿಸಲಿ: ಮೊಮ್ಮಗು ಯಾವ ಭಾಷೆಯಲ್ಲಿ ಕೇಳಿದರೂ ಸಂತೋಷದಿಂದ ಕೇಳಿಸಿಕೊಳ್ಳುವುದು, ಉತ್ತರವನ್ನು ಕನ್ನಡದಲ್ಲೇ ಕೊಡುವುದು. ತುಳು ಮನೆಯವರು ತುಳುವಿನಲ್ಲಿ, ಕೊಂಕಣಿ, ಮರಾಠಿ, ಹವ್ಯಕ ಮನೆಯವರು ತಮ್ಮತಮ್ಮ ಮನೆಮಾತಿನಲ್ಲಿ ಕೊಟ್ಟರೂ ಸರಿಯೇ. ಮನೆಮಾತು ಉಳಿದ ಮನೆಯಲ್ಲಿ ಕನ್ನಡಕ್ಕೆ ಜಾಗ ತಾನಾಗಿ ಇರುತ್ತದೆ. ತಪ್ಪು ಹೇಳಿದರೆ ನಗದಿರುವುದು. ಸರಿ ಹೇಳಿದರೆ ಮೆರೆಸದಿರುವುದು. ವೇದಿಕೆ, ಬಹುಮಾನ, ಸ್ಮರಣ ಸಂಚಿಕೆ ಯಾವುದೂ ಬೇಡ. ಮಗನ ಮಕ್ಕಳಂತೆ ಮಗಳ ಮಕ್ಕಳನ್ನೂ ಕರೆಯುವುದು - ತರವಾಡಿನ ಲೆಕ್ಕ ಏನೇ ಇರಲಿ, ಭಾಷೆಯ ಲೆಕ್ಕದಲ್ಲಿ ಎಲ್ಲರೂ ಮೊಮ್ಮಕ್ಕಳೇ. ನೆರೆಯ ಮಲೆಯಾಳ ಮಕ್ಕಳು ಆಟಕ್ಕೆ ಬಂದರೆ ಅವರನ್ನೂ ಸೇರಿಸಿಕೊಳ್ಳುವುದು. ಪಂಚದೇವಪಹಾಡದಲ್ಲಿ ಪಕ್ಕದ ಹೊಲದ ತೆಲುಗು ಹುಡುಗರಿಬ್ಬರು ಮೂರೂ ದಿನ ನಮ್ಮ ಜೊತೆಗೇ ಉಂಡರು. ಕನ್ನಡದ ಎಣಿಕೆಯ ಪಂದ್ಯದಲ್ಲಿ ಅವರದು ಎರಡನೆಯ ಸ್ಥಾನ.

ಬಿಡಾರ ಕೀಳುವ ಬೆಳಿಗ್ಗೆ ಮುತ್ಯಾ ಲೆಕ್ಕ ಹಾಕುತ್ತಿದ್ದರು. ಕೃಷ್ಣೆಗೆ ಹನ್ನೆರಡು ವರ್ಷಕ್ಕೊಮ್ಮೆ ಪುಷ್ಕರ. 2004ರ ಪುಷ್ಕರಕ್ಕೆ ಹಿರಿಯ ಮೊಮ್ಮಗನನ್ನು ಹೆಗಲ ಮೇಲೆ ಹೊತ್ತು ಹೊಳೆಗೆ ಇಳಿದಿದ್ದರಂತೆ. 2016ರಲ್ಲಿ ಆ ಮೊಮ್ಮಗನೇ ಅವರ ಕೈ ಹಿಡಿದು ಇಳಿಸಿದ. ಇನ್ನು 2028. "ಆಗ ನಾ ಇದ್ರ ಅವ್ನೇ ಹೊತ್ಕೊಂಡು ಇಳೀಬೇಕು" ಎಂದು ನಕ್ಕರು. ಟ್ರ್ಯಾಕ್ಟರಿಗೆ ಹಗ್ಗ ಏರಿಸುತ್ತಿದ್ದ ಒಂಬತ್ತರ ಹುಡುಗಿ ಅದನ್ನು ಕೇಳಿಸಿಕೊಂಡು, "ನಾನೂ ಹಿಡೀತೀನಿ ಮುತ್ಯಾ" ಎಂದಳು. ಈ ಸಲ ಅವಳಿಗೆ ಯಾವ ಗಾಳಿಯ ಅವಸರವೂ ಇರಲಿಲ್ಲ.

ನನ್ನ ಮೊಮ್ಮಗ ಎಪ್ರಿಲಿನಲ್ಲಿ ಬರುತ್ತಾನೆ. ಅಂಗಳದ ಪಕ್ಕದ ಗೇರುಮರದಡಿ ಟಾರ್ಪಾಲು ಕಟ್ಟುವುದೆಂದು ಮಗಳಿಗೆ ಹೇಳಿಯಾಗಿದೆ. ಅವನು ಮಲೆಯಾಳದಲ್ಲಿ ಕೇಳುತ್ತಾನೆ, ಕೇಳಲಿ. ಹೊರಳದೆ ಇರುವ ಕೆಲಸ ನನ್ನದು. ಓದುಗ ಮಿತ್ರರಲ್ಲಿ ಅಜ್ಜ ಅಜ್ಜಿಯಾದವರು ಎಷ್ಟು ಜನರಿದ್ದೀರೋ, ಈ ರಜೆಯಲ್ಲಿ ಮೂರು ರಾತ್ರಿ ಪ್ರಯತ್ನಿಸಿ ನೋಡಿ. ಆಮೇಲೆ ನವೆಂಬರ್ 1ರ ಸಭೆಯಲ್ಲಿ ಸೇರೋಣ. ಅಂದಿನ ಮಾತಿಗೆ ಆಗ ಇನ್ನಷ್ಟು ಬಲ ಇರುತ್ತದೆ.